ಹಿತ್ತಲ ಹುಳದ ಹೈನು

ಕೊಳೆಯುವುದಕ್ಕೆ ಯಾರ ಅಪ್ಪಣೆಯೂ ಬೇಡ. ಚೆನ್ನಾಗಿ ಕೊಳೆಯಬೇಕಾದರೆ ಮನೆಯವರೊಬ್ಬರ ಕೈ ಬೇಕು.

*

ಎತ್ತು ಇದ್ದ ಮನೆಗೆ ತಿಪ್ಪೆ ಇತ್ತು. ತಿಪ್ಪೆ ಇದ್ದ ಮನೆಗೆ ಕಸದ ಚಿಂತೆ ಇರಲಿಲ್ಲ. ಕಲಬುರಗಿ ಸೀಮೆಯ ಆಳಂದ, ಅಫಜಲಪುರ, ಜೇವರ್ಗಿಯ ಓಣಿಗಳಿಗೆ ಟ್ರ್ಯಾಕ್ಟರ್ ಬಂದವು, ಎತ್ತುಗಳು ಸಂತೆಗೆ ಹೋದವು, ಅವುಗಳ ಬೆನ್ನಿಗೇ ತಿಪ್ಪೆಯೂ ಹೋಯಿತು. ಸಿಪ್ಪೆ ಮಾತ್ರ ಮನೆಯಲ್ಲೇ ಉಳಿಯಿತು. ಎರೆಹುಳದ ತೊಟ್ಟಿ ಎಂಬುದು ದನವಿಲ್ಲದ ಮನೆ ಮಾಡಿಕೊಂಡ ತಿಪ್ಪೆ.

*

ಹಿಂದೆ ತಿಪ್ಪೆಯ ಗಾತ್ರ ನೋಡಿ ಹೆಣ್ಣು ಕೊಡುತ್ತಿದ್ದರೆಂದು ಹಿರಿಯರು ಹೇಳುತ್ತಾರೆ. ದೊಡ್ಡ ತಿಪ್ಪೆ ಎಂದರೆ ದನ ಹೆಚ್ಚು, ಹೊಲ ಹೆಚ್ಚು, ದುಡಿಯುವ ಕೈ ಹೆಚ್ಚು. ಈಗ ಬೀಗರು ಬಂದರೆ ನಾವು ಮೊದಲು ಮರೆಮಾಡುವುದು ಕಸದ ಬುಟ್ಟಿಯನ್ನು.

*

ಮಕ್ಕಳು ಉಳಿಯದ ಮನೆಯಲ್ಲಿ ಕೂಸು ಹುಟ್ಟಿದರೆ ಅದನ್ನು ತಿಪ್ಪೆಯ ಮೇಲಿಟ್ಟು ಎತ್ತಿಕೊಂಡು ತಿಪ್ಪಣ್ಣ, ತಿಪ್ಪವ್ವ ಎಂದು ಹೆಸರಿಡುತ್ತಿದ್ದರು. ಸತ್ತದ್ದೆಲ್ಲ ಹೋಗಿ ಸೇರುವ ಜಾಗವೇ ಕೂಸನ್ನು ಕಾಯುತ್ತದೆ ಎಂದು ನಂಬಿದವರು ಗೊಬ್ಬರದ ಶಾಸ್ತ್ರ ಓದಿರಲಿಲ್ಲ. ಅದರ ಒಳಗುಟ್ಟು ಅವರಿಗೆ ಗೊತ್ತಿತ್ತು.

*

ದೀಪಾವಳಿಯ ಪಾಡ್ಯಕ್ಕೆ ಹೆಂಡಿಯಲ್ಲಿ ಪಾಂಡವರನ್ನು ಮಾಡಿ, ಹೂ ಚುಚ್ಚಿ ಪೂಜಿಸುವ ಸೀಮೆ ನಮ್ಮದು. ಹಬ್ಬ ಕಳೆದ ಮರುದಿನ ಅದೇ ಹೆಂಡಿಗೆ ಮೂಗು ಮುಚ್ಚಿಕೊಂಡರೆ ನಿನ್ನೆಯ ಪೂಜೆ ಯಾರಿಗೆ ಸಂದಿತು?

*

ಎಳ್ಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಭಜ್ಜಿ, ಸಜ್ಜಿ ರೊಟ್ಟಿ, ಕಡಬು ತಾವು ಉಣ್ಣುವ ಮೊದಲು ಬೆಳೆಯ ನಡುವೆ ಓಡಾಡಿ ಚರಗ ಚೆಲ್ಲುತ್ತಾರೆ. ಮಣ್ಣಿಗೂ ಹಸಿವಿದೆ ಎಂದು ಗೊತ್ತಿದ್ದವರು ಮಾಡಿದ ಹಬ್ಬ ಇದು. ವರ್ಷಕ್ಕೊಮ್ಮೆ ಉಣಿಸಿದರೆ ಹಬ್ಬವಾದೀತು. ಹಸಿವು ಹೋಗಬೇಕಾದರೆ ದಿನಾಲೂ ಉಣಿಸಬೇಕು.

*

“ಅಕ್ಕಾ, ಹುಳಾ ಸಾಕೀರಂತಲ್ಲ, ಖರೇನ?”

“ಹೌದವಾ. ಹಾಲು ಹಿಂಡಂಗಿಲ್ಲ ಖರೆ, ಒದಿಯಂಗೂ ಇಲ್ಲ.”

“ಏನ್ ಮೇಯ್ತಾವ?”

“ನೀ ಚೆಲ್ಲೂದನ್ನೇ ಮೇಯ್ತಾವ. ನಾಳಿಂದ ನಿಮ್ಮ ಮನಿ ಬುಟ್ಟೀನೂ ಇತ್ಲಾಗ ಕಳಸು.”

ಇಷ್ಟು ಮಾತಿನಲ್ಲಿ ಹರಡದ ವಿದ್ಯೆ ದೊಡ್ಡ ಶಿಬಿರದಲ್ಲೂ ಹರಡುವುದಿಲ್ಲ.

*

ಎರೆಹುಳಕ್ಕೆ ಕಣ್ಣಿಲ್ಲ, ಬೆಳಕು ತಿಳಿಯುತ್ತದೆ. ಕಿವಿಯಿಲ್ಲ, ನೆಲದ ನಡುಕ ತಿಳಿಯುತ್ತದೆ. ಹಲ್ಲಿಲ್ಲ, ಹೊಟ್ಟೆಯೊಳಗೆ ಮರಳಿನ ಕಣ ಇಟ್ಟುಕೊಂಡು ಅರೆಯುತ್ತದೆ. ಶ್ವಾಸಕೋಶವಿಲ್ಲ, ಒದ್ದೆ ಚರ್ಮದಲ್ಲೇ ಉಸಿರಾಡುತ್ತದೆ. ಇಲ್ಲದ್ದರ ಪಟ್ಟಿ ಹಿಡಿದುಕೊಂಡು ಕೂತಿದ್ದರೆ ಅದಕ್ಕೂ ರಜೆ ಬೇಕಾಗುತ್ತಿತ್ತು.

*

ಚಾರ್ಲ್ಸ್ ಡಾರ್ವಿನ್ ಎರೆಹುಳದ ಕುಂಡಗಳನ್ನು ಮನೆಯೊಳಗೆ ಇಟ್ಟುಕೊಂಡು ಅವುಗಳೆದುರು ಸಿಳ್ಳೆ ಊದಿಸಿದ, ಪಿಯಾನೊ ನುಡಿಸಲು ಹೇಳಿದ, ಕೂಗಿಯೂ ನೋಡಿದ. ಹುಳಗಳು ಲಕ್ಷ್ಯವನ್ನೇ ಕೊಡಲಿಲ್ಲ. ಕುಂಡವನ್ನು ಪಿಯಾನೊದ ಮೇಲೇ ಇಟ್ಟು ಒಂದು ಸ್ವರ ಒತ್ತಿದಾಗ ಸರಕ್ಕನೆ ಬಿಲ ಸೇರಿದವು. ಹುಳದ ಕೆಲಸದ ಬಗ್ಗೆ ಅವನ ಮೊದಲ ಪ್ರಬಂಧ 1837ರದು, ಪುಸ್ತಕ ಬಂದದ್ದು 1881ರಲ್ಲಿ. ನಡುವೆ 44 ವರ್ಷ. ನಮಗೆ ಗೊಬ್ಬರ ಮಾಗುವ 60 ದಿನ ಕಾಯುವುದೇ ಬೇಸರ.

*

ಜೀವಕೋಟಿಯ ಕಥೆಯನ್ನೇ ತಿರುವಿ ಬರೆದವನ ಕೊನೆಯ ಪುಸ್ತಕ ಎರೆಹುಳದ ಮೇಲಿನದು. ಇಂಗ್ಲೆಂಡಿನ ಎಷ್ಟೋ ಕಡೆ ಒಂದೊಂದು ಎಕರೆಯಲ್ಲೂ ವರ್ಷಕ್ಕೆ 10 ಟನ್ನಿಗಿಂತ ಹೆಚ್ಚು ಮಣ್ಣು ಹುಳಗಳ ಹೊಟ್ಟೆ ಹಾದು ಮೇಲೆ ಬರುತ್ತದೆಂದು ಅದರಲ್ಲಿ ಲೆಕ್ಕ ಕೊಟ್ಟ. ಟನ್ನುಗಟ್ಟಲೆ ಕೆಲಸ ಮಾಡಿ ಒಂದು ದಿನವೂ ಕೂಲಿ ಕೇಳದವರ ಲೆಕ್ಕವನ್ನು ಯಾರಾದರೂ ಇಡಲೇಬೇಕಿತ್ತು.

*

ಕಲಬುರಗಿ ಸೀಮೆಯಲ್ಲಿ ಹುಳು ಸಾಕುವವರ ಪರೀಕ್ಷೆ ನಡೆಯುವುದು ಏಪ್ರಿಲ್, ಮೇ ತಿಂಗಳಲ್ಲಿ. ಹುಳಕ್ಕೆ ಹಿತ 20ರಿಂದ 30 ಡಿಗ್ರಿ. ಹೊರಗಿನ ಬಿಸಿಲು 42 ದಾಟುತ್ತದೆ. ಬೇವಿನ ಮರದ ಬುಡ, ಮೇಲೆ ಕಣಕಿಯ ಚಪ್ಪರ, ತೊಟ್ಟಿಯ ಬಾಯಿಗೆ ಒದ್ದೆ ಗೋಣಿತಟ್ಟು: ಇಷ್ಟಿದ್ದರೆ ಹುಳು ಬೇಸಿಗೆ ದಾಟುತ್ತದೆ. ಇವುಗಳಲ್ಲಿ ಯಾವುದಕ್ಕೂ ದುಡ್ಡು ಬೇಕಿಲ್ಲ, ಎಲ್ಲದಕ್ಕೂ ನೆನಪು ಬೇಕು.

*

ಮದುವೆಗೆಂದು ನಾಲ್ಕು ದಿನ ಊರು ಬಿಡುವವರು ಎಮ್ಮೆಗೆ ಯಾರು ಮೇವು ಹಾಕುತ್ತಾರೆಂದು ಕೇಳಿಯೇ ಬಸ್ಸು ಹತ್ತುತ್ತಾರೆ. ತೊಟ್ಟಿಗೆ ಯಾರು ನೀರು ಚಿಮುಕಿಸುತ್ತಾರೆಂದೂ ಕೇಳಿದ ದಿನ ಆ ಮನೆಯಲ್ಲಿ ಹುಳು ನಿಜವಾಗಿ ನೆಲೆಸಿತು ಎನ್ನಬಹುದು. ಕೂಗಿ ಕೇಳಲಾರದ ಜೀವವನ್ನು ಸಾಕುವುದರಲ್ಲಿ ಸಾಕುವವರ ಗುಣ ತಿಳಿಯುತ್ತದೆ.

*

ತೇವ ನೋಡುವ ಬಗೆ ಇದು: ತೊಟ್ಟಿಯೊಳಗಿನದನ್ನು ಮುಷ್ಟಿಯಲ್ಲಿ ಹಿಡಿದು ಗಟ್ಟಿಯಾಗಿ ಹಿಂಡಬೇಕು. ಬೆರಳ ಸಂದಿಯಿಂದ ಒಂದೆರಡು ಹನಿ ಇಳಿದರೆ ಸರಿ. ಧಾರೆ ಇಳಿದರೆ ಹುಳು ಉಸಿರುಗಟ್ಟುತ್ತದೆ, ಅಂಗೈ ಒಣಗೇ ಇದ್ದರೂ ಉಸಿರುಗಟ್ಟುತ್ತದೆ. ಕೈ ಹಾಕಲು ಹೇಸುವವರಿಗೆ ಬೇರೆ ಮಾಪಕವಿಲ್ಲ.

*

ನೀರು ಬಂದದ್ದೆಲ್ಲ ವರವಲ್ಲ. ಕೃಷ್ಣೆಯ ಕಾಲುವೆ ಜೇವರ್ಗಿಯ ಎರೆ ಹೊಲಗಳಿಗೆ ಬಂದ ಮೇಲೆ ಮಿತಿ ತಿಳಿದು ಹರಿಸಿದವರು ಬೆಳೆದರು. ನೀರು ಬಸಿದುಹೋಗಲು ದಾರಿ ಮಾಡದೆ ನಿಲ್ಲಿಸಿಕೊಂಡ ಕರಿ ಮಣ್ಣು ಸವುಳು ಹಿಡಿಯುತ್ತದೆ. ತೊಟ್ಟಿಯ ತಳಕ್ಕೆ ತೂತು ಬಿಡಿ ಎಂದು ಹೇಳುವವರು ಇದೇ ಮಾತನ್ನು ಚಿಕ್ಕದು ಮಾಡಿ ಹೇಳುತ್ತಾರೆ: ತುಂಬುವುದನ್ನು ಕಲಿತವರು ಬಸಿಯುವುದನ್ನೂ ಕಲಿಯಬೇಕು.

*

2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ದಂಡೆಯ ಊರುಗಳಿಗೆ ನುಗ್ಗಿದಳು. ಹೊಲದ ಬೆಳೆ ಹೋದದ್ದು ಲೆಕ್ಕಕ್ಕೆ ಬಂತು. ತಲೆಮಾರುಗಳಿಂದ ತಿಪ್ಪೆಗೊಬ್ಬರ ಹೊತ್ತು ಹಾಕಿ ಹದಗೊಳಿಸಿದ ಮೇಲ್ಮಣ್ಣು ಕೊಚ್ಚಿಹೋದದ್ದು ಯಾವ ಕಾಲಮ್ಮಿನಲ್ಲಿ ಬರೆಯುವುದು? ಹೊಲದಲ್ಲಿ ಎಲ್ಲಕ್ಕಿಂತ ಹೆಚ್ಚು ದುಡಿಮೆ ಅಡಗಿರುವುದು ಮೇಲಿನ ಗೇಣುದ್ದ ಮಣ್ಣಿನಲ್ಲಿ.

*

ಖಾರ ನಮ್ಮ ನಾಲಿಗೆಯ ಹೆಮ್ಮೆ, ಹುಳದ ಚರ್ಮಕ್ಕೆ ಉರಿ. ಉಪ್ಪಿನಕಾಯಿ, ಎಣ್ಣೆಗಾಯಿಯ ಉಳಿಕೆ, ಹಿಂಡಿದ ಲಿಂಬೆಹೋಳು, ಹಸಿಮೆಣಸಿನಕಾಯಿ ತೊಟ್ಟಿಗೆ ಬೇಡ. ಪುಂಡಿಪಲ್ಲೆಯ ದಂಟು, ಹಿರೇಕಾಯಿಯ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ, ಸೋಸಿದ ಚಹಾಪುಡಿ ಬೇಕು. ಅತಿಥಿಯ ಊಟ ಅತಿಥಿಯ ಹೊಟ್ಟೆ ನೋಡಿ ಬಡಿಸುವುದು, ನಮ್ಮ ರುಚಿ ನೋಡಿ ಅಲ್ಲ.

*

ಹಸಿ ಹೆಂಡಿ ಒಳಗೊಳಗೇ ಕಾಯುತ್ತದೆ. 15-20 ದಿನ ಹೊರಗಿಟ್ಟು ಅದರ ಬಿಸಿ ಇಳಿಸದೆ ಹಾಕಿದರೆ ಹುಳು ಸಾಯುತ್ತದೆ. ಸಿಟ್ಟಿನಲ್ಲಿ ಹೇಳಿದ ಬುದ್ಧಿಮಾತೂ ಹೀಗೆಯೇ ಕೆಲಸ ಕೆಡಿಸುತ್ತದೆ. ಮಾತು ಒಳ್ಳೆಯದೇ, ಆರಲು ಬಿಡಲಿಲ್ಲ.

*

ಬರೀ ಹಸಿ ಸಿಪ್ಪೆ ಹಾಕಿದರೆ ನಾರುತ್ತದೆ. ಬರೀ ಒಣ ಎಲೆ ಹಾಕಿದರೆ ವರ್ಷವಾದರೂ ಹಾಗೇ ಬಿದ್ದಿರುತ್ತದೆ. ಒಂದು ಪಾಲು ಸಾರಜನಕಕ್ಕೆ ಸುಮಾರು 30 ಪಾಲು ಇಂಗಾಲ ಎಂದು ಪುಸ್ತಕ ಹೇಳುತ್ತದೆ. ಅಡುಗೆಮನೆಯ ಬುಟ್ಟಿ ಸುರಿದಾಗಲೆಲ್ಲ ಅಂಗಳ ಗುಡಿಸಿದ ಬೇವಿನೆಲೆ, ತೊಗರಿ ಹೊಟ್ಟು ಮೇಲೆ ಹರಡುವಾಕೆಗೆ ಪುಸ್ತಕ ಬೇಕಾಗಿಲ್ಲ.

*

ನಾತ ಬಂದರೆ ಹುಳವನ್ನು ಬೈಯಬೇಡಿ. ಅದು ಹೋಗಿಬಿಟ್ಟಿದೆ ಎಂದೇ ನಾತ ಬಂದಿದೆ.

*

ಡಾ. ರಾಧಾ ಕಾಳೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಎರೆಹುಳದ ಮೇಲೆ ದಶಕಗಳ ಕಾಲ ದುಡಿದವರು. ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ ಅದನ್ನು ಸಾವಯವ ಕೃಷಿಯ ಸಿಂಡ್ರೆಲಾ ಎಂದು ಕರೆದರು. ಕಥೆಯಲ್ಲಿ ಸಿಂಡ್ರೆಲಾಳನ್ನು ಹುಡುಕಿಕೊಂಡು ಅರಮನೆಯೇ ಬರುತ್ತದೆ. ಹಿತ್ತಲಲ್ಲಿ ಎರೆಹುಳವನ್ನು ಹುಡುಕಿಕೊಂಡು ಬರುವುದು ಕೋಳಿ.

*

ಕೋಳಿಗೆ ಜಾಳಿಗೆ, ಇಲಿಗೆ ಹಲಗೆ, ಕೆಂಪಿರುವೆಗೆ ತೊಟ್ಟಿಯ ಸುತ್ತ ನೀರಿನ ಕಾಲುವೆ. ಮೆತ್ತಗಿನ ಜೀವಕ್ಕೆ ಕೋಟೆ ಕಟ್ಟಿಕೊಡುವುದು ಸಾಕಿದವರ ಪಾಲಿನ ಕೆಲಸ.

*

ತೊಟ್ಟಿಗಳಲ್ಲಿ ಸಾಕುವ ಯೂಡ್ರಿಲಸ್ ಆಫ್ರಿಕದ್ದು, ಐಸೀನಿಯಾ ಯುರೋಪಿನದು, ಪೆರಿಯೋನಿಕ್ಸ್ ನಮ್ಮ ದೇಶದ್ದೇ. ಮೂರೂ ತಿನ್ನುವುದು ಆಳಂದದ ಸಂತೆಯ ಬದನೆಕಾಯಿ ತೊಟ್ಟನ್ನು. ಬಿಟ್ಟುಹೋದ ಗೊಬ್ಬರದಲ್ಲಿ ಯಾವುದು ಯಾರದೆಂದು ಬೇರ್ಪಡಿಸುವ ಜಾಣ ಇನ್ನೂ ಹುಟ್ಟಿಲ್ಲ.

*

ತೊಟ್ಟಿಯ ಹುಳವನ್ನು ಹಿಡಿದು ಹೊಲಕ್ಕೆ ಬಿಟ್ಟರೆ ಹೊಲ ಫಲವತ್ತಾಗುತ್ತದೆಂದು ಕೆಲವರು ತಿಳಿದಿದ್ದಾರೆ. ತೊಟ್ಟಿಯದು ಮೇಲ್ಪದರದ ಕಸದಲ್ಲಿ ಬದುಕುವ ಜಾತಿ. ಬೋಳು ಹೊಲದ ಬಿಸಿಲಿಗೆ ಅದು ತಾಳುವುದಿಲ್ಲ. ಹೊಲಕ್ಕೆ ತನ್ನವೇ ಹುಳಗಳಿವೆ, ಆಳದಲ್ಲಿವೆ. ನೆಲದ ಮೇಲೆ ಎಲೆ ಹೊದಿಸಿದರೆ ಅವು ತಾವಾಗಿ ಮೇಲೆ ಬರುತ್ತವೆ. ಊರಿಗೆ ಹೊರಗಿನಿಂದ ಜನ ತರುವ ಮೊದಲು ಊರವರು ಬಿಟ್ಟುಹೋಗದಂತೆ ನೋಡಿಕೊಳ್ಳಬೇಕು.

*

ಎರೆ ಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಮೇಲಿನ ಮಣ್ಣು ಬಿರುಕಿನಲ್ಲಿ ಉದುರಿ, ಕೆಳಗಿನದು ಮೇಲೆ ಬಂದು, ತನ್ನನ್ನು ತಾನೇ ಉಳುತ್ತದೆ. ಉಳುವ ಶ್ರಮವನ್ನೂ ನಮಗೆ ಉಳಿಸುವ ಮಣ್ಣು ಕೇಳುವುದು ಎಲೆ, ಕಸ, ಹೆಂಡಿ ಇಷ್ಟನ್ನೇ. ಅದನ್ನೂ ಒಯ್ದು ಸುಟ್ಟರೆ ಸಾಲಗಾರ ಯಾರು?

*

ತೊಗರಿ ಈ ನಾಡಿನ ಬೆಳೆ. 2019ರಲ್ಲಿ ಅದರ ಬೇಳೆಗೆ ಭೌಗೋಳಿಕ ಗುರುತಿನ ಮುದ್ರೆಯೂ ಸಿಕ್ಕಿತು. ಕಾಳನ್ನು ಮನುಷ್ಯನಿಗೆ ಕೊಡುತ್ತದೆ, ಹೊಟ್ಟನ್ನು ದನಕ್ಕೆ, ಕಟ್ಟಿಗೆಯನ್ನು ಒಲೆಗೆ. ರಾಶಿಗೆ ಮೊದಲೇ ತನ್ನ ಎಲೆಯನ್ನು ನೆಲಕ್ಕೆ ಉದುರಿಸಿಬಿಡುತ್ತದೆ. ಕೊಯ್ಯುವವನು ಬರುವ ಮುಂಚೆ ಮಣ್ಣಿನ ಪಾಲು ತೀರಿಸುವ ಬೆಳೆ ಅದು. ಮುದ್ರೆ ಸಿಗಬೇಕಾದದ್ದು ಆ ಗುಣಕ್ಕೆ.

*

ಅಫಜಲಪುರ, ಆಳಂದದ ಕಬ್ಬಿನ ಗದ್ದೆಗಳಲ್ಲಿ ಕಟಾವಾದ ಮೇಲೆ ರವದಿಗೆ ಬೆಂಕಿ ಇಡುತ್ತಾರೆ. ಒಂದು ಕಡ್ಡಿ ಗೀರಿದರೆ ಒಂದು ತಾಸಿನಲ್ಲಿ ಹೊಲ ಸ್ವಚ್ಛ. ಅದೇ ರವದಿಯನ್ನು ಸಾಲುಗಳ ನಡುವೆ ಹರಡಿ, ಮೇಲೆ ಹೆಂಡಿರಾಡಿ ಚಿಮುಕಿಸಿ ಬಿಟ್ಟರೆ ತಿಂಗಳುಗಳು ಹಿಡಿಯುತ್ತದೆ. ಬೆಂಕಿಗೂ ಹುಳಕ್ಕೂ ಕೆಲಸ ಒಂದೇ, ಕರಗಿಸುವುದು. ಬೆಂಕಿ ಹೊಗೆಯನ್ನು ಊರಿಗೆ ಹಂಚಿ ಹೋಗುತ್ತದೆ. ಹುಳು ಗಳಿಸಿದ್ದನ್ನೆಲ್ಲ ಅದೇ ಹೊಲದಲ್ಲಿ ಇಟ್ಟು ಹೋಗುತ್ತದೆ.

*

45 ಕಿಲೊ ಯೂರಿಯಾ ಚೀಲದಲ್ಲಿ 20 ಕಿಲೊಗಿಂತ ಹೆಚ್ಚು ಸಾರಜನಕವಿದೆ. ಅಷ್ಟೇ ತೂಕದ ಎರೆಗೊಬ್ಬರದಲ್ಲಿ ಒಂದು ಕಿಲೊ ಸಿಗುವುದೂ ಕಷ್ಟ. ಈ ತಕ್ಕಡಿಯಲ್ಲಿ ಹುಳು ಗೆಲ್ಲುವುದಿಲ್ಲ. ಗೆಲ್ಲುತ್ತದೆಂದು ಭಾಷಣ ಮಾಡುವವರಿಂದ ಹುಳಕ್ಕೆ ಉಪಕಾರವೂ ಆಗಿಲ್ಲ. ಮಣ್ಣು ಸಡಿಲಾಗುವುದು, ನೀರು ಹಿಡಿದಿಡುವುದು, ಕಣ್ಣಿಗೆ ಕಾಣದ ಜೀವಗಳು ಒಳಗೆ ಹೆಚ್ಚುವುದು, ಇವನ್ನು ತೂಗುವ ತಕ್ಕಡಿ ಗೊಬ್ಬರದಂಗಡಿಯಲ್ಲಿ ಇಲ್ಲ.

*

ಒಂದು ಮನೆಯ ಸಿಪ್ಪೆ ಐದೆಕರೆ ತೊಗರಿಗೆ ಸಾಲದು. ಒಂದು ಕರಿಬೇವು, ನಾಲ್ಕು ಬದನೆ ಸಸಿ, ಒಂದು ಮಡಿ ಮೆಂತ್ಯಕ್ಕೆ ಸಾಲುತ್ತದೆ. ಅಳತೆ ಗೊತ್ತಿದ್ದು ಶುರುಮಾಡಿದವರು ಮಧ್ಯದಲ್ಲಿ ಕೈಬಿಡುವುದಿಲ್ಲ.

*

ಕರ್ನಾಟಕ 2004ರಲ್ಲೇ ಸಾವಯವ ಕೃಷಿ ನೀತಿ ತಂದಿತು. ಎಷ್ಟೋ ಊರುಗಳಲ್ಲಿ ಸಹಾಯಧನದ ತೊಟ್ಟಿಗಳು ಎದ್ದವು. ಕೆಲವದರಲ್ಲಿ ಈಗ ಹುಳು ಇವೆ, ಕೆಲವದರಲ್ಲಿ ಕುಳ್ಳು ಪೇರಿಸಿಟ್ಟಿದ್ದಾರೆ. ತೊಟ್ಟಿ ಕಟ್ಟಲು ಸರಕಾರದ ಒಂದು ಆದೇಶ ಸಾಕು. ನೀರು ಚಿಮುಕಿಸುವ ಆದೇಶವನ್ನು ದಿನಾ ಬೆಳಿಗ್ಗೆ ತನಗೆ ತಾನೇ ಹೊರಡಿಸಿಕೊಳ್ಳಬೇಕು.

*

‘ಬೆಂಗಳೂರು ಪದ್ಧತಿ’ ಎಂಬ ಹೆಸರಿನ ಗೊಬ್ಬರ ವಿಧಾನವೊಂದಿದೆ. ಸಿ. ಎನ್. ಆಚಾರ್ಯ ಎಂಬ ವಿಜ್ಞಾನಿ 1939ರ ಸುಮಾರಿಗೆ ರೂಪಿಸಿದ್ದು, ಊರಿನ ಕಸವನ್ನು ಗುಂಡಿಯಲ್ಲಿ ಪದರಪದರವಾಗಿ ಮಾಗಿಸುವುದು. ಅದೇ ಬೆಂಗಳೂರಿನ ಕಸದ ಗುಡ್ಡ ಹೊತ್ತು ಬೇಸತ್ತ ಮಂಡೂರಿನ ಜನ ಮುಂದೊಂದು ದಿನ ಲಾರಿಗಳಿಗೆ ಅಡ್ಡ ನಿಂತರು. ವಿದ್ಯೆಗೆ ಊರಿನ ಹೆಸರಿಟ್ಟ ಮಾತ್ರಕ್ಕೆ ಊರು ಆ ವಿದ್ಯೆ ಕಲಿತಿರುವುದಿಲ್ಲ.

*

ಆಲ್ಬರ್ಟ್ ಹೋವರ್ಡ್ ಇಂಗ್ಲೆಂಡಿನಿಂದ ನಮಗೆ ಬೇಸಾಯ ಕಲಿಸಲು ಬಂದವರು. ಇಂದೋರಿನಲ್ಲಿ ಕೂತು ಇಲ್ಲಿಯ ಒಕ್ಕಲಿಗರಿಂದಲೇ ಕಲಿತು, ಗೊಬ್ಬರದ ‘ಇಂದೋರ್ ಪದ್ಧತಿ’ ಒಯ್ದು ಜಗತ್ತಿಗೆ ಹಂಚಿದರು. ಕಲಿಸಲು ಬಂದವರು ಕಲಿತು ಹೋಗುವ ಪಾಠಶಾಲೆ ತಿಪ್ಪೆಯೊಂದೇ ಇರಬೇಕು.

*

ಗಾಣಗಾಪುರದ ದತ್ತನಿಗೆ ಏರಿಸಿದ ಹೂ, ಘತ್ತರಗಿಯ ಭಾಗ್ಯವಂತಿಗೆ ಮುಡಿಸಿದ ಹೂ, ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೆ ಹೊದಿಸಿದ ಹೂ, ಬಾಡಿ ಮಣ್ಣು ಸೇರಿದ ಮೇಲೆ ಒಂದೇ ಬಣ್ಣಕ್ಕೆ ಬರುತ್ತವೆ. ಕೊನೆಯವರೆಗೂ ಕರಗದೆ ಬೇರೆಯಾಗಿ ಉಳಿಯುವುದು ಹೂ ಪೋಣಿಸಿದ ನೈಲಾನ್ ದಾರ ಮತ್ತು ಝಗಝಗಿಸುವ ಪ್ಲಾಸ್ಟಿಕ್ ಝರಿ.

*

ದೇವರ ಹೂವನ್ನು ಕಾಲಿಗೆ ತಾಗಿಸಬಾರದೆಂದು ಹೊಳೆಗೆ ಬಿಡುತ್ತೇವೆ. ಹೊಳೆಯ ದಂಡೆಗೆ ಬಂದು ಕೊಳೆತ ಅದೇ ಹೂವನ್ನು ಕೆಳಗಿನ ಊರವರು ತುಳಿಯುತ್ತಾರೆ. ತುಳಸಿಕಟ್ಟೆಯ ಬುಡಕ್ಕೆ ಗೊಬ್ಬರವಾಗಿ ಹೋದ ಹೂವನ್ನು ಯಾರೂ ತುಳಿಯುವುದಿಲ್ಲ.

*

ಮಾಗಿದ ತೊಟ್ಟಿಯನ್ನು ಜಾಲಿಸಿದರೆ ಜರಡಿಯ ಮೇಲೆ ಒಂದಷ್ಟು ಉಳಿಯುತ್ತದೆ: ಹಾಲಿನ ಪಾಕೀಟಿನ ಕತ್ತರಿಸಿದ ಮೂಲೆ, ಸೇಬಿನ ಮೇಲಂಟಿಸಿದ ಚೀಟಿ, ಗುಟ್ಕಾ ಚೀಟಿನ ಹರಕು, ಶಾಂಪೂ ಪುಡಿಕೆಯ ಅಂಚು, ಚಹಾಪುಡಿಯ ಚೀಲಕ್ಕೆ ಹೊಡೆದ ಪಿನ್ನು. ಮೂರು ತಿಂಗಳಲ್ಲಿ ಆ ಮನೆ ಏನೇನು ಕೊಂಡಿತು ಎಂಬುದಕ್ಕೆ ಇದಕ್ಕಿಂತ ಸಾಚಾ ರಸೀದಿ ಅಂಗಡಿಯವನೂ ಕೊಡಲಾರ. ಹುಳು ಎಲ್ಲವನ್ನೂ ಮೂಸಿ ನೋಡಿದೆ, ಇಷ್ಟನ್ನು ಮಾತ್ರ ಒಲ್ಲೆ ಎಂದಿದೆ.

*

ಗೊಬ್ಬರದ ನಡುವೆ ತಿಳಿ ಹಳದಿಯ, ಲಿಂಬೆಯ ಆಕಾರದ ಸಣ್ಣ ಗೂಡುಗಳು ಸಿಗುತ್ತವೆ. ಸಾಸಿವೆಗಿಂತ ದೊಡ್ಡವು, ಜೋಳದ ಕಾಳಿಗಿಂತ ಚಿಕ್ಕವು. ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದರೆ ಬಲಿತ ಗೂಡಿನೊಳಗೆ ಕೆಂಪು ಎಳೆ ಅಲುಗುವುದು ಕಾಣುತ್ತದೆ. ಒಂದೊಂದರಿಂದ ಎರಡು ಮೂರು ಮರಿ. ಇದನ್ನು ಒಮ್ಮೆ ಕಂಡ ಮಗು ಮತ್ತೆ ತೊಟ್ಟಿಗೆ ಪ್ಲಾಸ್ಟಿಕ್ ಹಾಕುವುದಿಲ್ಲ. ಹಾಕಬೇಡ ಎಂದು ಹೇಳಿಸಿಕೊಂಡ ಮಗು ಹಾಕಿದರೂ ಹಾಕೀತು.

*

ಪ್ರತಿ ಎರೆಹುಳವೂ ಗಂಡೂ ಹೌದು, ಹೆಣ್ಣೂ ಹೌದು. ಆದರೂ ಸಾಮಾನ್ಯವಾಗಿ ಸಂತಾನಕ್ಕೆ ಇನ್ನೊಂದರ ಜೊತೆ ಬೇಕು. ತನ್ನಲ್ಲಿ ಎಲ್ಲವೂ ಇದೆ ಎಂದು ಬೀಗುವವರು ಇದನ್ನು ಗಮನಿಸಬೇಕು.

*

ಹುಳವನ್ನು ತುಂಡರಿಸಿದರೆ ಎರಡು ಹುಳವಾಗುತ್ತವೆ ಎಂಬ ಮಾತು ಸುಳ್ಳು. ಗುದ್ದಲಿಯವನಿಗೆ ಸಮಾಧಾನ ಹೇಳಲು ಯಾರೋ ಹುಟ್ಟಿಸಿದ್ದು.

*

ಜಾಗ, ಮೇವು ಸಾಲದಾದರೆ ತೊಟ್ಟಿಯ ಹುಳಗಳು ಮರಿ ಹಾಕುವುದನ್ನೇ ಕಡಿಮೆ ಮಾಡುತ್ತವೆ. ಒಂದು ಮುಷ್ಟಿ ಎತ್ತಿ ಪಕ್ಕದ ಮನೆಗೆ ಕೊಟ್ಟರೆ ಮತ್ತೆ ಹೆಚ್ಚುತ್ತವೆ. ಕೊಟ್ಟಿದ್ದಕ್ಕೇ ಬೆಳೆಯುವ ಆಸ್ತಿ ಲೋಕದಲ್ಲಿ ಬಹಳ ಇಲ್ಲ.

*

ಗೊಬ್ಬರ ತೆಗೆಯುವ ಮೊದಲು ಕೆಲವು ದಿನ ನೀರು ನಿಲ್ಲಿಸಿ, ಬೆಳಕಿನಲ್ಲಿ ಗುಪ್ಪೆ ಮಾಡಬೇಕು. ಹುಳು ಬೆಳಕಿಗೆ ಬೆದರಿ ಕೆಳಗಿಳಿಯುತ್ತದೆ. ಮೇಲಿನದನ್ನು ಕೈಯಲ್ಲಿ ಬಾಚಿಕೊಳ್ಳಬಹುದು. ಅವಸರಕ್ಕೆ ಸಲಿಕೆ ಹಾಕಿದರೆ ಗೊಬ್ಬರವೂ ಸಿಗುತ್ತದೆ, ಮುಂದಿನ ಸಲದ ಗೊಬ್ಬರ ಮಾಡುವವರ ಹೆಣವೂ ಸಿಗುತ್ತದೆ.

*

ತರಬೇತಿಗೆ ಗಂಡಸರು ಹೋಗಿ ಫೋಟೊದಲ್ಲಿ ನಿಲ್ಲುತ್ತಾರೆ. ಬೆಳಿಗ್ಗೆ ಸಿಪ್ಪೆ ಸಣ್ಣಗೆ ಹೆಚ್ಚಿ ಹಾಕುವುದು, ಮಧ್ಯಾಹ್ನ ಗೋಣಿತಟ್ಟು ತೋಯಿಸುವುದು, ಸಂಜೆ ಇರುವೆ ಬಂದವೇನೋ ಎಂದು ಬಗ್ಗಿ ನೋಡುವುದು ಹೆಂಗಸರ ಪಾಲಿಗೆ. ‘ನಮ್ಮ ಮನೆಯಲ್ಲಿ ನಾವೇ ಗೊಬ್ಬರ ಮಾಡುತ್ತೇವೆ’ ಎನ್ನುವಾತ ಆ ‘ನಾವು’ ಎಂಬುದರಲ್ಲಿ ಯಾರ್‍ಯಾರು ಇದ್ದಾರೆಂದು ಒಮ್ಮೆ ಹಿತ್ತಲಿಗೆ ಹೋಗಿ ನೋಡಿಬರಬೇಕು.

*

ಹಸಿ ಕಸ, ಒಣ ಕಸ ಮನೆಯಲ್ಲೇ ಬೇರೆ ಮಾಡಬೇಕೆಂದು 2016ರ ನಿಯಮವೇ ಹೇಳಿತ್ತು. ನಿಯಮ ಇಲ್ಲದಿದ್ದರೂ ಮಾಡಬೇಕಾದ ಕಾರಣ ಬೀದಿಯಲ್ಲೇ ಇದೆ. ನಾವು ಕಲೆಸಿ ಕಟ್ಟಿ ಎಸೆದ ಚೀಲವನ್ನು ಬಿಚ್ಚಿ, ಒಡೆದ ಗಾಜು, ಹಳಸಿದ ಅನ್ನ, ಕೂಸಿನ ಡೈಪರುಗಳ ನಡುವೆ ಪುರಸಭೆಯ ಪೌರಕಾರ್ಮಿಕರೊಬ್ಬರು ಕೈ ಹಾಕುತ್ತಾರೆ. ನಾವು ಒಂದು ನಿಮಿಷ ಉಳಿಸಿಕೊಂಡಿದ್ದನ್ನು ಅವರು ತಮ್ಮ ಚರ್ಮದಿಂದ ತೀರಿಸುತ್ತಾರೆ.

*

ಮಡಿ ಎಂಬುದನ್ನು ಮುಟ್ಟದೆ ಇರುವುದರಿಂದ ಅಳೆದೆವು. ಹಾಗಾಗಿ ಮುಟ್ಟುವ ಕೆಲಸವೆಲ್ಲ ಕೆಲವರ ತಲೆಗೇ ಬಂತು. ತನ್ನ ಮನೆಯ ಕೊಳೆತದ್ದಕ್ಕೆ ತಾನೇ ಕೈ ಹಾಕಿದವನಿಗೆ ಈ ಲೆಕ್ಕ ತಪ್ಪಿದ್ದು ಗೊತ್ತಾಗುತ್ತದೆ, ಭಾಷಣ ಕೇಳಬೇಕಾಗುವುದಿಲ್ಲ.

*

ಮನುಷ್ಯನನ್ನು ಅವನು ಗಳಿಸಿದ್ದರಿಂದ ಅಳೆಯುತ್ತಾರೆ, ಕೊಟ್ಟದ್ದರಿಂದಲೂ ಅಳೆಯುತ್ತಾರೆ. ಇನ್ನೊಂದು ಅಳತೆಯಿದೆ, ಅದನ್ನು ಹಿಡಿಯಲು ನಾವು ಹಿಂಜರಿಯುತ್ತೇವೆ: ಅವನು ಬಿಟ್ಟದ್ದನ್ನು ಎತ್ತಿದವರು ಯಾರು?